ಗಟ್ಟಿಯಾಗಿ ಒಂದು ಸಾಲು

ಅಂಬೇವಾಡಿ, ದಾಂಡೇಲಿ
ಮಂಗಳವಾರ, 12 ನವೆಂಬರ್ 2024

ಚಿಗಳ್ಳಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿರುವ ನನ್ನ ಅಳಿಯ ರೋಹಿತನಿಗೆ, ಕಾಳಿ ನದಿಯ ಈ ದಂಡೆಯಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲಿರುವ ನಿನ್ನ ಸೋದರಮಾವ ಬಾಳೇಶ ಕರ್ತನ ಹೆಸರಿನಲ್ಲಿ ಹೇಳುವ ವಂದನೆಗಳು.

ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆಯಿತು. ಪ್ರತಿ ಸಲವೂ ನಿನ್ನ ಅವ್ವನೇ ಎತ್ತಿ, “ಅಂವಾ ಈಗ ಕುಂತಾನೋ ಬಾಳ್ಯಾ, ಎಬ್ಬಸಬಾರದು” ಎನ್ನುತ್ತಾಳೆ. ಮಲಗಿದವನನ್ನು ಎಬ್ಬಿಸಬಾರದು, ಉಣ್ಣುವವನನ್ನು ಎಬ್ಬಿಸಬಾರದು ಎಂದು ಕೇಳಿದ್ದೆ. ಕುಂತವನನ್ನು ಎಬ್ಬಿಸಬಾರದು ಎಂಬ ಕಾಯಿದೆ ನಮ್ಮ ಅಕ್ಕನ ಮನೆಯಲ್ಲೇ ಮೊದಲು ಕೇಳಿದ್ದು. ಅದಕ್ಕೇ ಈ ಪತ್ರ. ಮುಂಡಗೋಡದ ಬಸ್ಸಿನ ಕಂಡಕ್ಟರ್ ನನ್ನ ಗೆಳೆಯ. ಶುಕ್ರವಾರ ಮುಂಜಾನೆ ಅವನ ಪಾಳಿ ಇದೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅಕ್ಷರ ನೋಡಿ ಬೆರಗಾಗಬೇಡ. ನೀನು ಈಗ ಇರುವ ಅದೇ ಚಿಗಳ್ಳಿಯ ಕನ್ನಡ ಶಾಲೆಯಲ್ಲಿ ಏಳನೇತ್ತ ಪಾಸಾದವನು ನಾನು. ಆ ಕಾಲದ ಏಳನೇತ್ತ ಎಂದರೆ ಈ ಕಾಲದ ಎರಡು ಡಿಗ್ರಿ. ನನ್ನ ಅಕ್ಷರವನ್ನು ಮಾಸ್ತರರು ಬೇರೆ ಹುಡುಗರಿಗೆ ತೋರಿಸುತ್ತಿದ್ದರು. ನನ್ನನ್ನು ಹೊಡೆಯುತ್ತಿದ್ದದ್ದು ಬೇರೆ ಕಾರಣಕ್ಕೆ.

ವಿಷಯಕ್ಕೆ ಬರುತ್ತೇನೆ. ಈ ರವಿವಾರ ಚರ್ಚಿನಲ್ಲಿ ಆರಾಧನೆಯ ಕಡೆಯಲ್ಲಿ ನಿನ್ನ ಅತ್ತಿ ಸುನಂದಾ ಎಲ್ಲರ ಮುಂದೆ ಎದ್ದು ನಿಂತು ಗಟ್ಟಿಯಾಗಿ ಒಂದು ಸಾಲು ಪ್ರಾರ್ಥನೆ ಮಾಡಬೇಕು. ನಮ್ಮ ಸಭೆಯ ಹಿರಿಯರ ಸಮಿತಿ ಹಾಗೆ ತೀರ್ಮಾನಿಸಿದೆ. ಮಾಡದಿದ್ದರೆ ಅವಳ ಹೆಸರನ್ನು ಸಭೆಯಿಂದ ತೆಗೆಯುತ್ತಾರೆ. ಹೆಸರು ಹೋದರೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ. ಅದಾದರೂ ಹೋಗಲಿ ಎನ್ನಬಹುದು. ಆದರೆ ಸಭೆಯಲ್ಲಿ ಹೆಸರಿಲ್ಲದವರಿಗೆ ಸಭೆಯ ಸ್ಮಶಾನದಲ್ಲಿ ಮಣ್ಣೂ ಇಲ್ಲ. ನಮ್ಮ ಸುಮಿತಾ ಅಲ್ಲಿ ಮಲಗಿದ್ದಾಳೆ. ಮಗಳ ಮಗ್ಗುಲಿನ ಜಾಗ ತನಗೇ ಇರಲಿ, ಬೇರೆ ಯಾರಿಗೂ ಕೊಡಬೇಡಿರಿ ಎಂದು ನಿನ್ನ ಅತ್ತಿ ಮಣ್ಣು ಕೊಟ್ಟ ದಿನವೇ ಹೇಳಿದ್ದಳು. ಅವಳು ಆಡಿದ ಕಡೆಯ ಉದ್ದನೆಯ ಮಾತು ಅದು. ಆಮೇಲೆ “ನೀರು ಬಂದಾವು”, “ಅನ್ನ ಆಗೇತಿ”, “ಗ್ಯಾಸ್ ತೀರೇತಿ”, ಇಷ್ಟೇ. ದೇವರಿಗಂತೂ ಅಷ್ಟೂ ಇಲ್ಲ.

ಅವಳಿಗೆ ಮೌನ ಹಿಡಿಸಿದವನು ನೀನು. ಬಂದು ಬಿಡಿಸಿ ಹೋಗು. ಇಷ್ಟು ಹೇಳಲಿಕ್ಕೇ ಈ ಪತ್ರ. ಇಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ನಿನ್ನ ಮಾಮಾ ಯಾವಾಗ ಎಲ್ಲಿ ನಿಲ್ಲಿಸಿದ್ದಾನೆ?

ನೀನು ನಮ್ಮಲ್ಲಿಗೆ ಸಭಾಪಾಲಕನಾಗಿ ಬಂದಾಗ ಇಡೀ ಅಂಬೇವಾಡಿಗೆ ಪೇಢೆ ಹಂಚಿದವನು ನಾನು. ‘ನನ್ನ ಅಕ್ಕನ ಮಗ, ನನ್ನ ಗಂಟಲೇ ಬಂದೈತಿ’ ಎಂದು ಹೇಳಿಕೊಂಡು ತಿರುಗಿದೆ. ನೀನೋ, ಗೋವಾ ಕಡೆಯ ಯಾವುದೋ ಧ್ಯಾನಮಂದಿರಕ್ಕೆ ಹೋಗಿ ಬಂದವನು ಒಂದು ಶುಕ್ರವಾರ ಸಂಜೆ, “ಇವತ್ತ ಹಾಡು ಬ್ಯಾಡ, ಬೇಡಿಕೆ ಬ್ಯಾಡ. ಕಣ್ಣ ಮುಚ್ಚಿ ಸುಮ್ಮ ಕುಂಡ್ರೂಣು” ಎಂದುಬಿಟ್ಟೆ. ಉಸಿರು ಒಳಗೆ ಹೋಗುವಾಗ ‘ಕರ್ತನೇ’, ಹೊರಗೆ ಬರುವಾಗ ‘ಕರುಣಿಸು’, ಅದನ್ನೂ ಬಾಯಿಂದಲ್ಲ, ಮನಸ್ಸಿನಿಂದ. ಸ್ವಲ್ಪ ಹೊತ್ತಿನ ಮೇಲೆ ಅದನ್ನೂ ಬಿಟ್ಟು ಸುಮ್ಮನೆ ಅವನ ಮುಂದೆ ಇರುವುದು. ದಾಂಡೇಲಿಯವರಿಗೆ ಸುಮ್ಮನೆ ಇರುವುದು ಎಂದರೇನು ಗೊತ್ತಿತ್ತೇನೋ ಹುಡುಗಾ? ಕಾಗದದ ಮಿಲ್ಲಿನ ಯಂತ್ರದ ಮಗ್ಗುಲಲ್ಲಿ ನಿಂತು ಹೊಟ್ಟೆ ಹೊರೆದವರು ನಾವು. ನಾವು ಗುಟ್ಟು ಹೇಳಿದರೂ ಓಣಿಯ ಆಚೆ ಕೇಳುತ್ತದೆ. ಆ ಸಂಜೆ ನಾನು ಬೇಕೆಂದೇ ಗೊರಕೆ ಹೊಡೆದೆ. ಹೆಂಗಸರ ಸಾಲಿನಲ್ಲಿ ಮೊದಲು ಕಿಸಕ್ಕೆಂದವಳು ನಮ್ಮ ಸುಮಿತಾ. ನಿನ್ನ ಅತ್ತಿ ಮನೆಗೆ ಬರುವ ತನಕ ನನ್ನ ಸಂಗಡ ಮಾತಾಡಲಿಲ್ಲ. ಆಗ ಅದೊಂದು ಚೇಷ್ಟೆಯಾಗಿತ್ತು. ಈಗ ನೆನೆದರೆ ಅವಳ ಆ ಮುನಿಸು ಕೂಡ ಎಷ್ಟು ಚಿಕ್ಕದು, ಎಷ್ಟು ಒಳ್ಳೆಯದು ಅನ್ನಿಸುತ್ತದೆ.

ನಗೆಯಾಟ ಒಂದು ಕಡೆ ಇರಲಿ. ನನ್ನ ಅಂಜಿಕೆ ಖರೆ ಇತ್ತು, ಈಗಲೂ ಇದೆ. ನಮ್ಮ ಅಜ್ಜ ಗೂಳಪ್ಪ ದೀಕ್ಷಾಸ್ನಾನ ಯಾಕೆ ತೆಗೆದುಕೊಂಡ? ಕರೆದರೆ ಕೇಳುವ ದೇವರು ಬೇಕು, ನನ್ನ ಮಾತಿನಲ್ಲೇ ಕರೆಯಬೇಕು ಎಂದು. ಓದು ಬರಹ ಇಲ್ಲದವನು ಹೊಲದ ಬದುವಿನಲ್ಲಿ ನಿಂತು ನೆರೆಯವನನ್ನು ಕರೆದಂತೆ ಕರೆಯುತ್ತಿದ್ದನಂತೆ. ನೀನು ಆ ಕರೆಯುವುದನ್ನೇ ಬಿಡು ಎಂದೆ. ಮಾತು ಬಿಟ್ಟು, ಬೇಡಿಕೆ ಬಿಟ್ಟು, ಗ್ರಂಥ ಮುಚ್ಚಿಟ್ಟು ಒಳಗೊಳಗೆ ಇಳಿಯುತ್ತ ಹೋದರೆ ಕಡೆಗೆ ಸಿಗುವವನು ಯೇಸುವೇ ಎಂದು ಹೇಳುವವರಾರು? ಅಲ್ಲಿ ಬೇರೆ ಏನಾದರೂ ಇರಬಹುದು. ಏನೂ ಇಲ್ಲದೆಯೂ ಇರಬಹುದು. ನಮ್ಮ ಹಿರಿಯ ಶೇಖಪ್ಪ ಅಂದು ಸಮಿತಿಯಲ್ಲಿ, “ಖಾಲಿ ಮನಿ ಬಾಗಲಾ ತಗದಿಟ್ಟ್ರ ಯಾರ ಬೇಕಾದವ್ರು ಹೊಗತಾರೋ ತಮ್ಮಾ” ಎಂದ. ನೀನು, “ಖಾಲಿ ಅಲ್ರಿ ಕಾಕಾ, ಕಾಯೂದು. ಬರೇ ನಾವ ಮಾತಾಡಿದ್ರ ಅಂವಾ ಯಾವಾಗ ಮಾತಾಡ್ಬೇಕು?” ಎಂದೆ. ಚಂದದ ಮಾತು. ಅದಕ್ಕೇ ಎಲ್ಲರನ್ನೂ ನಗಿಸಿದೆ: “ಮುಂಡಗೋಡದ ಟಿಬೇಟಿ ಕ್ಯಾಂಪಿನ್ಯಾಗ ಲಾಮಾಗೋಳ ಸೈತ ಚಪ್ಪಾಳಿ ಹೊಡದು ಒದರಿ ವಾದಾ ಮಾಡ್ತಾರು. ಸ್ವೆಟರ್ ತರಾಕ ಹೋದಾಗ ಕಣ್ಣಾರೆ ನೋಡೇನಿ. ಅವ್ರ ಗದ್ಲಾ ನಮಗ ಬಂದಿದ್ರ ಪಾಡಿತ್ತು, ಅವ್ರ ಧ್ಯಾನ ಬಂತಲ್ಲೋ!” ಸಮಿತಿ ಹೊಟ್ಟೆ ಹಿಡಿದು ನಕ್ಕಿತು. ನೀನೂ ನಕ್ಕೆ. ಆದರೆ ಆ ನಗೆಯೊಳಗೇ ನಿನ್ನ ಕಥೆ ಮುಗಿಯಿತು. ಮಳೆಗಾಲಕ್ಕೆ ಮೊದಲೇ ನೀನು ಗಂಟು ಕಟ್ಟಿದೆ. ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ.

ನೀನು ಹೋದರೂ ನಿನ್ನ ಶುಕ್ರವಾರ ನಮ್ಮ ಮನೆಯಿಂದ ಹೋಗಲಿಲ್ಲ. ನಿನ್ನ ಅತ್ತಿ ಅಡುಗೆಮನೆಯ ಕಟ್ಟೆಯ ಮೇಲೆ ಸಂಜೆ ಹೊತ್ತು ಕೂರತೊಡಗಿದಳು. ಆಗ ಅವಳ ಮುಖ ಚೆನ್ನಾಗಿರುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಎದ್ದು ಬಂದವಳು ಚಹಾ ಮಾಡುವಾಗ ಹಾಡು ಗುನುಗುತ್ತಿದ್ದಳು. ನಾನು ಚೇಷ್ಟೆ ಮಾಡುತ್ತಿದ್ದೆ: “ಏನಂದಾ ನಿನ್ನ ದೇವ್ರು? ನನ್ನ ಬಗ್ಗೆ ಏನರ ಕೇಳಿದ್ನೇನು?” ಅವಳು, “ನಿಮ್ಮ ಹೆಸರ ಹೇಳಿದ್ರ ಕಿವಿ ಮುಚಗೋತಾನ್ರಿ” ಎನ್ನುತ್ತಿದ್ದಳು. ಹೌದೋ, ನಿನ್ನ ಅತ್ತಿಗೆ ಅಷ್ಟು ಮಾತು ಬರುತ್ತಿತ್ತು.

ಆಮೇಲೆ ಸುಮಿತಾ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಆದರೆ ನಿನಗೆ ಗೊತ್ತಿಲ್ಲದ್ದೂ ಒಂದಿದೆ, ನೀನು ಮಣ್ಣಿಗೆ ಮಾತ್ರ ಬಂದವನು. ಗಣೇಶಗುಡಿ ರಸ್ತೆಯ ರಿಸಾರ್ಟಿನಲ್ಲಿ ಕೌಂಟರಿಗೆ ಕೂರುತ್ತಿದ್ದವಳು, ಬಂದ ಪ್ರವಾಸಿಗರಿಗೆಲ್ಲ ನಗುನಗುತ್ತ ದಬಾಯಿಸುತ್ತಿದ್ದವಳು, ಮಳೆಗಾಲದಲ್ಲಿ ಕಾಮಣಿ ಹತ್ತಿ ಹಳದಿಯಾಗಿ ಮನೆಗೆ ಬಂದಳು. ನಾಟಿ ಔಷಧ ಆಯಿತು, ಧಾರವಾಡದ ಆಸ್ಪತ್ರೆ ಆಯಿತು. ಅಲ್ಲಿಯ ಡಾಕ್ಟರು ಒಳ್ಳೆಯವರು. ನನ್ನ ಹೆಗಲ ಮೇಲೆ ಕೈ ಇಟ್ಟು, ಮನೆಗೆ ಕರೆದೊಯ್ಯಿರಿ, ಹುಡುಗಿಗೆ ಮನೆ ನೋಡುವ ಆಸೆ ಇದೆ ಎಂದರು. ಕರೆತಂದೆವು. ಸಭೆಯವರು ಸರಪಳಿ ಪ್ರಾರ್ಥನೆಗೆ ಬಂದರು.

ನಮ್ಮ ಸಭೆಯ ಸರಪಳಿ ನಿನಗೆ ಗೊತ್ತಲ್ಲ. ರೋಗಿಯ ಸುತ್ತ ಕೈ ಕೈ ಹಿಡಿದು ನಿಲ್ಲುವುದು, ಒಬ್ಬರು ಪ್ರಾರ್ಥಿಸಿ ಆಮೆನ್ ಎಂದು ಮಗ್ಗುಲಿನವರ ಕೈ ಒತ್ತುವುದು, ಅವರು ಶುರು ಮಾಡುವುದು. ಒತ್ತಿದ ಕೈ ಒಂದು ಸುತ್ತು ಮುಗಿಸಿ ಮನೆಯ ಯಜಮಾನನಿಗೆ ಬಂದು ನಿಲ್ಲಬೇಕು. ನಡುವೆ ಎಲ್ಲೂ ಕೈ ಬಿಡಬಾರದು. ಶೇಖಪ್ಪ ಶುರು ಮಾಡಿದ, ಅವನ ಹೆಂಡತಿ ಕಾಶೆವ್ವ ಮಾಡಿದಳು, ಉಳಿದವರು ಮಾಡಿದರು. ಕಾಶೆವ್ವನ ಪ್ರಾರ್ಥನೆ ಎಂದರೆ ಗೊತ್ತಲ್ಲ, ದೇವರಿಗೆ ಮನೆಯ ವಿಳಾಸವನ್ನೂ ಹೇಳುತ್ತಾಳೆ, ನಲ್ಲಿಯ ಎಡಕ್ಕೆ ಎಂದು. ಸುತ್ತು ನಿನ್ನ ಅತ್ತಿಗೆ ಬಂತು. ಅವಳ ನಂತರ ನಾನು.

ನಿನ್ನ ಅತ್ತಿ ಏನೂ ಹೇಳಲಿಲ್ಲ.

ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಿದ್ದೇವೆ. ಪಂಖದ ಸಪ್ಪಳ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು. ಕಾಶೆವ್ವ ಕೆಮ್ಮಿದಳು. ಹಾಸಿಗೆಯ ಮೇಲಿಂದ ಸುಮಿತಾ, ಆ ಸ್ಥಿತಿಯಲ್ಲೂ, ಅದೇ ಚೇಷ್ಟೆಯ ದನಿಯಲ್ಲಿ, “ಅಪ್ಪಾ, ಅವ್ವಾ ನಿಂತಲ್ಲೇ ಮಲಗ್ಯಾಳೇನ ನೋಡ್ರಿ” ಎಂದಳು. ಯಾರೋ ನಕ್ಕು ನುಂಗಿಕೊಂಡರು. ನಾನು ಒಂದು ಕಣ್ಣು ತೆರೆದು ನೋಡಿದೆ. ನಿನ್ನ ಅತ್ತಿ ಕಣ್ಣು ಮುಚ್ಚಿರಲಿಲ್ಲ. ಮಗಳನ್ನು ನೋಡುತ್ತ ನಿಂತಿದ್ದಳು. ಅವಳ ಕೈ ನನ್ನ ಕೈಯೊಳಗೆ ಒದ್ದೆಯಾಗಿತ್ತು, ಅದು ನನ್ನನ್ನು ಒತ್ತಲಿಲ್ಲ. ಎಷ್ಟು ಹೊತ್ತು ಕಾಯುವುದು? ನಾನು ಎರಡೂ ಕೈ ಮೇಲೆತ್ತಿ ನನ್ನ ಪ್ರಾರ್ಥನೆ ಶುರು ಮಾಡಿಬಿಟ್ಟೆ. ಎಂಥ ಪ್ರಾರ್ಥನೆ ಗೊತ್ತೇ? ಹಾದಿಯಲ್ಲಿ ಹೋಗುವವರು ನಿಂತು ಕೇಳಿದರಂತೆ. ಸುಮಿತಾ ಈ ಹಾಸಿಗೆಯಿಂದ ಎದ್ದು ತನ್ನ ಕಾಲಿನಿಂದ ಸಭೆಗೆ ನಡೆದು ಬರುತ್ತಾಳೆ ಎಂದು ಘೋಷಿಸಿದೆ. ಎಲ್ಲರೂ ಆಮೆನ್ ಎಂದರು. ಅದೇ ವಾರ ಅವಳು ಹೋದಳು.

ಹೆಣ ಇನ್ನೂ ಮನೆಯಲ್ಲಿರುವಾಗಲೇ ಕಾಶೆವ್ವ ಹಿತ್ತಲಲ್ಲಿ ಹೆಂಗಸರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: “ಸರಪಳಿ ತಾಯಿ ಕಡೇನ ತುಂಡಾತು ನೋಡ್ರಿ. ಹೆತ್ತಾಕೀನ ಬಾಯಿ ಬಿಡಲಿಲ್ಲ ಅಂದ್ರ ದೇವ್ರರ ಏನ್ ಮಾಡ್ಯಾನು?” ಅಲ್ಲಿಂದ ಅದು ಮನೆಯಿಂದ ಮನೆಗೆ ಹೋಯಿತು, ಹಳಿಯಾಳದ ಸಭೆಗೂ ಮುಟ್ಟಿತು. ಆ ಮೌನ ಪ್ರಾರ್ಥನೆ ಹಿಡಿದ ಮನೆಯಲ್ಲಿ ಮಗಳು ಉಳಿಯಲಿಲ್ಲ ಎಂದು. ಸರಪಳಿ ತುಂಡಾದದ್ದು ನಿಜ. ಕೈ ಮೊದಲು ಯಾರು ಬಿಟ್ಟರು ಎನ್ನುವುದನ್ನು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣು ಮುಚ್ಚಿದ್ದವು. ಈಗ ಅದನ್ನು ಕೆದಕಿ ಏನು?

ನೀನು ಮಣ್ಣಿಗೆ ಬಂದೆ. ಎಲ್ಲರೂ ಎರಡೆರಡು ಮಾತು ಹೇಳಿದರು, ನೀನು ನಿನ್ನ ಅತ್ತಿಯ ಮಗ್ಗುಲಲ್ಲಿ ನೆಲದ ಮೇಲೆ ಕುಳಿತು ಒಂದು ಮಾತೂ ಆಡದೆ ಎದ್ದು ಹೋದೆ. ಎಷ್ಟು ಸಿಟ್ಟು ಬಂದಿತ್ತು ನಿನ್ನ ಮೇಲೆ! ಪಾಲಕನಾಗಿದ್ದವನಿಗೆ ಸಾಂತ್ವನದ ಒಂದು ವಚನ ಸಿಗಲಿಲ್ಲವೇ ಎಂದು. ನಿನ್ನ ಅತ್ತಿ ಮಾತ್ರ ಅಂದು ನಿನ್ನೊಬ್ಬನಿಗೇ ಚಹಾ ಕೊಟ್ಟಳು.

ಅಂದಿನಿಂದ ಅವಳು ಸುಮಿತಾಳ ಖೋಲಿಯಲ್ಲಿ ಕೂರುತ್ತಾಳೆ. ಮುಂಜಾನೆ ಕೆಲಸ ಮುಗಿಸಿ ಒಳಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಬರುತ್ತಾಳೆ, ಮತ್ತೆ ಸಂಜೆಯ ತನಕ. ಗೋಡೆಗೆ ಬೆನ್ನು ಕೊಟ್ಟು, ಬರೀ ನೆಲದ ಮೇಲೆ. ಸಭೆಗೆ ಬರುತ್ತಾಳೆ, ಹಿಂದಿನ ಸಾಲಿನಲ್ಲಿ ಕೂರುತ್ತಾಳೆ, ಹಾಡುವುದಿಲ್ಲ, ಆಮೆನ್ ಎನ್ನುವುದಿಲ್ಲ. ನಮ್ಮಲ್ಲಿ ಒಬ್ಬರು ಆಮೆನ್ ಎನ್ನದಿದ್ದರೆ ಅದು ಹಲ್ಲು ಬಿದ್ದ ಬಾಯಿಯಂತೆ ಎದ್ದು ಕಾಣುತ್ತದೆ. ಇನ್ನಿಬ್ಬರು ಹೆಂಗಸರು ಅವಳ ಮಗ್ಗುಲಲ್ಲಿ ಕೂತು ಅವರೂ ಸುಮ್ಮನಾದಾಗ ಶೇಖಪ್ಪನಿಗೆ ಅಂಜಿಕೆ ಹತ್ತಿತು. ಅವನು ಕೆಟ್ಟವನಲ್ಲ ರೋಹಿತಾ. ಹಿಂದೆ ಗುಡಿಸಲಿನಲ್ಲಿ ಕೂಡುತ್ತಿದ್ದ ಸಭೆಗೆ ತಲೆಯ ಮೇಲೆ ಇಟ್ಟಂಗಿ ಹೊತ್ತು ಗೋಡೆ ಕಟ್ಟಿದವನು. ಆ ಗೋಡೆಯೊಳಗೆ ಏನೋ ಗೊತ್ತಿಲ್ಲದ್ದು ಹೊಕ್ಕಿತು ಎಂದು ಅವನಿಗೆ ನಿದ್ದೆ ಇಲ್ಲ. ಸಮಿತಿ ಕೂಡಿತು. “ದೊಡ್ಡದೇನೂ ಬ್ಯಾಡ. ‘ಯೇಸುವೇ, ನೀನೇ ಕರ್ತನು’ ಅಂತ ಒಂದ ಸಾಲು, ನಮಗ ಕೇಳೂವಂಗ. ಅಷ್ಟಂದ್ರ ಆಕಿ ಒಳಗ ಯಾರದಾರು ಅನ್ನೂದು ನಮಗ ಖಾತ್ರಿ ಆಗತೈತಿ” ಎಂದ. ನಾನೂ ಸಮಿತಿಯವನೇ. ನನ್ನ ಹೆಂಡತಿಯ ಮೇಲೆ ಇಂಥ ಮಾತು ಬಂದಾಗ ನಾನು ಬಿಡುತ್ತಿದ್ದೆನೇ? ಆದರೆ ಅಂದು ನನಗೆ ನೆಗಡಿಯಾಗಿತ್ತು, ದನಿ ಏಳಲಿಲ್ಲ.

ಅವಳ ಬಾಯಿ ಬಿಡಿಸಲು ನಾನು ಮಾಡದ ಆಟವಿಲ್ಲ. ಪಲ್ಯದಲ್ಲಿ ಉಪ್ಪಿಲ್ಲ ಎಂದು ಸುಳ್ಳು ಜಗಳ ತೆಗೆದೆ. ಉಪ್ಪಿನ ಡಬ್ಬಿ ಮುಂದೆ ತಂದಿಟ್ಟು ಹೋದಳು. ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತಿರುವು ಹಾಕಿಕೊಂಡು ಅವಳ ಮುಂದೆ ಸುಳಿದಾಡಿದೆ. ಮೊದಲಾಗಿದ್ದರೆ ಓಣಿಗೆ ಕೇಳುವಂತೆ ಬೈಯುತ್ತಿದ್ದಳು. ಅವಳ ತವರಿನವರನ್ನು ಹೀಯಾಳಿಸಿದೆ. ಇದಕ್ಕೂ ಸುಮ್ಮನಿದ್ದಳು ಎಂದರೆ ನಿನಗೆ ಅರ್ಥವಾಗಬೇಕು. ಪಕ್ಕದ ಮನೆಯ ಶಂಕ್ರೆವ್ವ, ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರೂ ಕುಡಿಯದ ಮುದುಕಿ, ಬಂದು ಅವಳ ಸಂಗಡ ಕುಳಿತು ಹೊರಗೆ ಬಂದವಳು ನನಗೇ ಹೇಳಿದಳು: “ಬಾಳೇಶಪ್ಪಾ, ಆಕೀನ್ನ ಕಾಡಬ್ಯಾಡ. ನಮ್ಮ ಉಳವಿ ಗವಿಯೊಳಗ ಶರಣರು ಹಿಂಗ ಕುಂತಿದ್ರಂತ. ಆಕಿ ದೊಡ್ಡ ಜಾಗಾಕ್ಕ ಹೋಗ್ಯಾಳು.” ಒಬ್ಬರು ಸೈತಾನ ಹೊಕ್ಕಿದ್ದಾನೆ ಎನ್ನುತ್ತಾರೆ, ಒಬ್ಬರು ಶರಣೆಯಾಗಿದ್ದಾಳೆ ಎನ್ನುತ್ತಾರೆ. ನೀನು ಅದನ್ನು ಧ್ಯಾನಪ್ರಾರ್ಥನೆ ಎನ್ನುತ್ತೀ. ನನಗೆ ಬೇಕಾದದ್ದು ಇವ್ಯಾವೂ ಅಲ್ಲ. ಅಂಗಿ ತಿರುವು ಹಾಕಿಕೊಂಡರೆ ಬೈಯುವವಳು ಬೇಕು.

ಕಡೆಗೆ ನಾನೇ ಹೋಗಿ ಎದುರಿಗೆ ಕುಳಿತೆ. ನಗಬೇಡ. ಕಣ್ಣು ಮುಚ್ಚಿ, ನೀನು ಹೇಳಿದಂತೆ ಉಸಿರಿನ ಸಂಗಡ ಆ ಎರಡು ಶಬ್ದ ಹಿಡಿದೆ. ಅವು ಸ್ವಲ್ಪ ಹೊತ್ತು ನನ್ನ ಕೈಯಲ್ಲಿ ಇದ್ದವು, ಆಮೇಲೆ ಜಾರಿದವು. ಅಷ್ಟರ ಮೇಲೆ ದೇವರು ಬರುತ್ತಾನೆ ಎಂದಿದ್ದೆಯಲ್ಲ? ನನಗೆ ಬಂದದ್ದು ಮಿಲ್ಲಿನ ಹಳೆಯ ಯಂತ್ರದ ಸದ್ದು. ಅದರ ಹಿಂದೆ ಏನೂ ಇರಲಿಲ್ಲ. ರೋಹಿತಾ, ಅಂಥ ಖಾಲಿಯನ್ನು ನಾನು ನೋಡಿರಲಿಲ್ಲ. ಅಂಜಿ ಕಣ್ಣು ತೆರೆದೆ. ನಿನ್ನ ಅತ್ತಿಯ ತುಟಿಗಳನ್ನು ನೋಡಿದೆ. ಯಂತ್ರದ ಗದ್ದಲದಲ್ಲಿ ನಾವು ಮಿಲ್ಲಿನವರು ತುಟಿ ನೋಡಿಯೇ ಮಾತು ತಿಳಿಯುತ್ತಿದ್ದೆವು, ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ತುಟಿ ಅಲುಗುತ್ತಿರಲಿಲ್ಲ.

ನನ್ನ ಮಾತಿನ ಪ್ರಾರ್ಥನೆಯಾದರೂ ಗಟ್ಟಿ ಉಳಿದಿದೆ ಎಂದುಕೊಂಡಿದ್ದೆ. ಹೋದ ತಿಂಗಳು ಹಳಿಯಾಳದಲ್ಲಿ ಶೇಖಪ್ಪನ ಬೀಗರ ಹೊಸ ಮನೆಯ ಪ್ರಾರ್ಥನೆಗೆ ನನ್ನನ್ನೇ ಕರೆದರು. ಮಾಡಿದೆ. ಜನ ಕಣ್ಣೊರೆಸಿಕೊಂಡರು. ಮನೆಯೊಡತಿ ನನ್ನ ಕೈ ಹಿಡಿದು, “ಕಾಕಾ, ನೀವು ಪ್ರಾರ್ಥನಾ ಮಾಡಿದ್ರ ಸ್ವರ್ಗ ಇಳದು ಬಂದಂಗ ಆಗತೈತ್ರಿ” ಎಂದಳು. ಆ ಪ್ರಾರ್ಥನೆ ನಡೆದಷ್ಟು ಹೊತ್ತೂ ನಾನು ಏನು ಯೋಚಿಸುತ್ತಿದ್ದೆ ಗೊತ್ತೇ? ಮರಳುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕೀತೇ ಎಂದು. ಬಾಯಿ ತಾನೇ ನಡೆದಿತ್ತು. ಸ್ವರ, ಏರು, ಇಳಿತ, ಕಣ್ಣೀರು ಬರಿಸುವ ಜಾಗ ಎಲ್ಲ ಅದಕ್ಕೆ ಬಾಯಿಪಾಠ. ಒಳಗೆ ಒಡೆಯನಿಲ್ಲದ ಮನೆಯಲ್ಲಿ ರೇಡಿಯೋ ಹಚ್ಚಿಟ್ಟಂತೆ.

ಹೀಗಿದೆ ನಿನ್ನ ಮಾಮಾನ ಸ್ಥಿತಿ. ಇದನ್ನು ಬೇರೆ ಯಾರಿಗಾದರೂ ಹೇಳಿದರೆ ನಿನ್ನ ತಲೆ ಒಡೆಯುತ್ತೇನೆ.

ಅದಕ್ಕೇ ಹೇಳುವುದು, ಶನಿವಾರ ಸಂಜೆಯೊಳಗೆ ಬಾ. ನಾನು ಹೇಳಿದರೆ ಅವಳು ಕೇಳುವುದಿಲ್ಲ, ನೀನು ಹೇಳಿದರೆ ಕೇಳುತ್ತಾಳೆ. ಮೌನ ಒಳ್ಳೆಯದೇ ಅತ್ತಿ, ಆದರೆ ಒಂದು ಸಾಲು ಹೇಳಿದರೆ ಅದು ಕೆಡುವುದಿಲ್ಲ ಎನ್ನು. ಸುಮಿತಾಳ ಮಗ್ಗುಲಿನ ಜಾಗದ ಮಾತು ತೆಗೆ. ಅವಳು ನನಗಿಂತ ಮೊದಲು ಹೋದರೆ ನಾನು ಅವಳನ್ನು ಎಲ್ಲಿಗೆ ಒಯ್ಯಲಿ? ಯಾವ ಮಣ್ಣಿಗೆ? ಅವಳ ತವರಿನವರು ನಾವು ಸಭೆಗೆ ಸೇರಿದವರೆಂದು ಬಿಟ್ಟರು, ಸಭೆಯವರು ಮೌನಕ್ಕೆ ಸೇರಿದವಳೆಂದು ಬಿಡುತ್ತಾರೆ. ದೇವರ ವಿಷಯ ನೀನು ಮತ್ತು ಶೇಖಪ್ಪ ಆಮೇಲೆ ವಾದಿಸಿಕೊಳ್ಳಿರಿ. ನನಗೆ ಈಗ ಆ ನೆಲ ಉಳಿಸಿಕೊಡು.

ಅಕ್ಕನಿಗೆ ನನ್ನ ನೆನಪು ತಿಳಿಸು. ಅವಳ ಮೊಣಕಾಲಿಗೆ ಎಣ್ಣೆ ಹಚ್ಚುವಾಗಲಾದರೂ ಬಾಯಿ ತೆರೆದು ನಾಲ್ಕು ಮಾತಾಡು, ಮುದುಕಿ ಖುಷಿ ಪಡುತ್ತಾಳೆ.

ಇಲ್ಲಿಯ ತನಕ ಯಾರ ಮುಂದೂ ಕೈಯೊಡ್ಡದೆ, ಇಂದು ಅಳಿಯನ ಮುಂದೆ ಒಡ್ಡಿ ಕುಳಿತಿರುವ
ನಿನ್ನ ಮಾಮಾ
ಬಾಳೇಶ

ತಾ.ಕ.

ಗುರುವಾರ ರಾತ್ರಿ ಊಟಕ್ಕೆ ಮೊದಲು ಇದನ್ನು ಸೇರಿಸುತ್ತಿದ್ದೇನೆ. ಬರೆದದ್ದನ್ನು ಯಾರಿಗಾದರೂ ಓದಿ ತೋರಿಸದಿದ್ದರೆ ನನಗೆ ಸಮಾಧಾನವಿಲ್ಲ, ನಿನಗೆ ಗೊತ್ತು. ಇಂದು ಮಧ್ಯಾಹ್ನ ನಿನ್ನ ಅತ್ತಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಾಗ ಮೊದಲಿನಿಂದ ಕಡೆಯ ತನಕ ಓದಿದೆ. ಅವಳ ಎದುರಿಗೇ, ದನಿ ಏರಿಸಿ ಇಳಿಸಿ. ಸರಪಳಿಯ ಭಾಗ ಬಂದಾಗ ಮೊರ ಕೆಳಗಿಟ್ಟಳು. ಮುಗಿದ ಮೇಲೆ ಮಾತಾಡಿದಳು.

“ಚಂದ ಬರದೀರಿ. ಆದ್ರ ಅವನ್ನ ಕರಸಬ್ಯಾಡ್ರಿ, ಪಾಪ, ಅಂವಾ ನಂಬ್ಯಾನು. ಅಂವಾ ಕಲಿಸಿದ್ದು ನಾ ಮಾಡಾಕತ್ತಿಲ್ರಿ. ಆಕಿ ಹೋದ ದಿನಾನ ಅದನ್ನ ಬಿಟ್ಟೇನಿ. ನಾ ಪ್ರಾರ್ಥನಾನ ಮಾಡಾಂಗಿಲ್ಲ. ಆ ಖೋಲ್ಯಾಗ ಸುಮ್ಮ ಕುಂತ್ರ ಒಮ್ಮೊಮ್ಮೆ ಆಕಿ ಮಗ್ಗಲಾ ಬದಲಿಸಿದ ಸಪ್ಪಳ ಕೇಳತೈತ್ರಿ. ಅದಕ್ಕ ಕುಂಡ್ರತೇನಿ. ನಡುವ ಯಾರೂ ಮಾತಾಡಬಾರದು, ಅಷ್ಟ. ನೀವೂ ಬ್ಯಾಡ. ಅಂವಾನೂ ಬ್ಯಾಡ.”

ಕಡೆಯಲ್ಲಿ ಅಂವಾ ಎಂದದ್ದು ನಿನ್ನನ್ನಲ್ಲ. ಹೇಳುವಾಗ ಕಣ್ಣು ಮೇಲೆತ್ತಿದ್ದಳು.

ಆಮೇಲೆ ಮೊರ ತೆಗೆದುಕೊಂಡು ಹರಳು ಆರಿಸತೊಡಗಿದಳು. ನಾನು ಅಲ್ಲೇ ಕೂತಿದ್ದೆ. ಇಷ್ಟು ದಿನ ಅವಳ ಮೌನಪ್ರಾರ್ಥನೆಗೆ ಅಂಜಿದ್ದೆ, ಅದನ್ನು ಅಣಕಿಸಿದ್ದೆ, ಅದಕ್ಕೆ ವಿರುದ್ಧ ವಾದ ಹೂಡಿದ್ದೆ. ಇಂದು, ಅದು ಪ್ರಾರ್ಥನೆಯೇ ಆಗಿದ್ದರೆ ಸಾಕಿತ್ತು ಎಂದು ಯಾರನ್ನು ಬೇಡಿಕೊಳ್ಳಲಿ ತಿಳಿಯಲಿಲ್ಲ.

ಸಂಜೆ ಶೇಖಪ್ಪ ಬಂದ. ರವಿವಾರದ ಸಾಲು ಬಾಯಿಪಾಠ ಆಯಿತೇ ಎಂದು ಕೇಳಲು. ಕಟ್ಟೆಯ ಮೇಲೆ ಕೂರಿಸಿ ನಾನು ಹೇಳಿದೆ: “ಶೇಖಪ್ಪಣ್ಣಾ, ಆಕಿ ಹಗಲೆಲ್ಲಾ ಪ್ರಾರ್ಥನಾದಾಗ ಇರತಾಳು. ಅಂಥಾ ಪ್ರಾರ್ಥನಾ ಮಾಡಾವ್ರು ದಾಂಡೇಲಿಯೊಳಗ ಇಲ್ಲ, ಹಳ್ಯಾಳ ಜೋಯಿಡಾದಾಗೂ ಇಲ್ಲ. ನಿನಗ ಕೇಳಂಗಿಲ್ಲ ಅಂದ್ರ ಅದು ನಿನ್ನ ಕಿವೀ ದೋಷ. ನಾ ಎದುರಿಗೆ ಕುಂತು ನೋಡೇನಿ.” ಅವನು, “ಕಡೀಕ ನೀನೂ ಅವರ ಪೈಕಿ ಆದೇನೋ ಬಾಳ್ಯಾ” ಎಂದ. ಹೌದು ಎಂದೆ. ಹಾಗಾದರೆ ರವಿವಾರ ಇಬ್ಬರ ಹೆಸರೂ ಓದಿ ತೆಗೆಯಬೇಕಾಗುತ್ತದೆ ಎಂದು ಕಣ್ಣೊರೆಸಿಕೊಂಡು ಎದ್ದು ಹೋದ. ಚಹಾ ಕುಡಿಯಲಿಲ್ಲ. ಒಳಗೆ ಖೋಲಿಯ ಬಾಗಿಲು ತೆರೆದೇ ಇತ್ತು. ನಿನ್ನ ಅತ್ತಿಗೆ ನಾನು ಹೇಳಿದ್ದು ಕೇಳಿಸಿರಬೇಕು.

ನೀನು ಬಾ. ಅವಳ ಬಾಯಿ ಬಿಡಿಸುವುದು ಬೇಡ. ಅವಳು ನನಗೆ ಹೇಳಿದ್ದು ನಿನಗೆ ಗೊತ್ತಿದೆ ಎಂದು ಅವಳಿಗೆ ತೋರಿಸಬೇಡ. ರವಿವಾರ ಹಿಂದಿನ ಸಾಲಿನಲ್ಲಿ ಅವಳ ಮಗ್ಗುಲಿಗೆ ಕೂತು ನಿನ್ನ ಆ ಮೌನದ ಪ್ರಾರ್ಥನೆಯನ್ನು ಅವಳ ಹೆಸರಿನಲ್ಲಿ ನೀನು ಮಾಡು. ಯಾರಾದರೂ ಒಬ್ಬರು ಅದನ್ನು ಖರೆ ಮಾಡಿದರೆ ನಾನು ಶೇಖಪ್ಪನಿಗೆ ಹೇಳಿದ್ದು ಪೂರಾ ಸುಳ್ಳಾಗುವುದಿಲ್ಲ. ಆಗುವಂತಿದ್ದರೆ ನಾನೇ ಮಾಡುತ್ತಿದ್ದೆ. ಇಂದೂ ಕೂತು ನೋಡಿದೆ. ನನಗೆ ಬರುತ್ತಿಲ್ಲ.